ಇಪ್ಪತ್ತು ಮೂಟೆ ಹೊಗೆ

ಬಡವನ ಕೋಪ ದವಡೆಗೆ ಮೂಲ ಅಂತಾರೆ. ಬಡವನ ಜಂಬ ಯಾತಕ್ಕೆ ಮೂಲ ಅಂತ ಮಾತ್ರ ಯಾವ ದೊಡ್ಡೋರೂ ಹೇಳಿಟ್ಟು ಹೋಗಲಿಲ್ಲ. ಹೇಳಿದ್ದಿದ್ರೆ ಇಸ್ತ್ರಿಯಣ್ಣ ಆವತ್ತು ಬಾಯಿ ಬಿಡ್ತಿರಲಿಲ್ಲ, ಸರ್ಕಾರದ ಜೀಪು ಓಣಿಗೆ ಬರ್ತಿರಲಿಲ್ಲ, ಅವನ ಹೆಂಡತಿ ನಾಲ್ಕು ದಿನ ಗೋಡೆ ಜೊತೆ ಮಾತಾಡ್ತಿರಲಿಲ್ಲ.

ಇಸ್ತ್ರಿಯಣ್ಣ ಅಂದ್ರೆ ಯಾರು? ಓಣಿ ತಿರುವಿನಲ್ಲಿ ನಾಲ್ಕು ಚಕ್ರದ ಗಾಡಿ ನಿಲ್ಲಿಸ್ಕೊಂಡು ಇಪ್ಪತ್ತೆರಡು ವರ್ಷದಿಂದ ಊರಿನ ಸುಕ್ಕೆಲ್ಲ ತೆಗೀತಾ ಇರೋನು. ಗಾಡಿ ಮೇಲೊಂದು ತಗಡು, ತಗಡಿನ ಕೆಳಗೆ ಮಡಚಿ ಹಾಸಿದ ಕಂಬಳಿ, ಅದರ ಮೇಲೊಂದು ಹಿತ್ತಾಳೆ ಇಸ್ತ್ರಿ ಪೆಟ್ಟಿಗೆ. ಒಂದೇ ಒಂದು. ಅದರ ತೂಕ ಕೇಳ್ಬೇಡಿ, ಅವನ ಬಲಗೈ ಎಡಗೈಗಿಂತ ಒಂದು ಗೇಣು ಉದ್ದ ಆಗಿದ್ದೇ ಅದನ್ನ ಎತ್ತಿ ಎತ್ತಿ. ದಿನಕ್ಕೆ ಸುಡ್ತಿದ್ದದ್ದು ಒಂದು ಡಬ್ಬ ಇದ್ದಿಲು. ಅದನ್ನೂ ಚಿನ್ನ ತೂಗಿದ ಹಾಗೆ ತೂಗಿ ಹಾಕೋನು. ಸತ್ತ ಕೆಂಡಕ್ಕೂ ಎರಡು ಸಲ ಊದಿ, "ಏನಪ್ಪಾ, ನಿಜವಾಗ್ಲೂ ಸತ್ತೆಯಾ?" ಅಂತ ವಿಚಾರಿಸಿ ಆಮೇಲೆ ಎಸೆಯೋ ಪೈಕಿ. ಅವನ ಗಾಡೀಲಿ ಏಳೋ ಹೊಗೆಗೆ ಒಂದು ಸೊಳ್ಳೇನೂ ಜಾಗ ಬಿಟ್ಟು ಕದಲ್ತಿರಲಿಲ್ಲ.

ಹೀಗಿರುವಾಗ ಸರ್ಕಾರದೋರು ಹೊಸ ಕಾನೂನು ತಂದ್ರು. ಭೂಮಿ ಕಾಯ್ತಾ ಇದೆ, ಹೊಗೆ ಕಮ್ಮಿ ಮಾಡ್ಬೇಕು, ಇದ್ದಿಲು ಕಲ್ಲಿದ್ದಲು ಎಲ್ಲ ಬಿಟ್ಟು ಬಿಸಿಲಿಂದ, ಗಾಳಿಯಿಂದ ಕರೆಂಟು ತೆಗೀಬೇಕು ಅಂತ. ಮಾತೇನೋ ಸರಿಯಾದ್ದೇ. ಪ್ರತಿಯೊಂದು ಊರೂ ಒಂದು ವರ್ಷದೊಳಗೆ ತನ್ನ ಹೊಗೇಲಿ ಮೂರನೇ ಒಂದು ಪಾಲು ಇಳಿಸ್ಬೇಕು ಅಂತ ಗುರಿ ಹಾಕಿದ್ರು. ಇಳಿಸ್ಬೇಕು ಅಂದ್ರೆ ಮೊದಲು ಎಷ್ಟಿದೆ ಅಂತ ಗೊತ್ತಾಗ್ಬೇಕಲ್ಲ? ಹೊಗೆ ಏನು ಅಕ್ಕೀನಾ, ಸೇರಲ್ಲಿ ಅಳೆಯೋಕೆ? ಅದಕ್ಕೆ ಯಾರು ಏನು ಸುಡ್ತಾರೆ, ಎಷ್ಟು ಸುಡ್ತಾರೆ ಅಂತ ಕೇಳಿ ಬರ್ಕೊಳ್ಳೋಕೆ ಒಬ್ಬ ಸರ್ವೆ ಹುಡುಗೀನ ಕಳಿಸಿದ್ರು. ಹೇಳಿದ್ದು ನಿಜ ಅಂತ ಪಕ್ಕದಲ್ಲಿದ್ದೋರು ಒಬ್ಬರು ಸಾಕ್ಷಿ ಹಾಕ್ಬೇಕು. ಅಷ್ಟೇ ಕೆಲಸ. ಐದು ನಿಮಿಷದ್ದು.

ಆ ಐದು ನಿಮಿಷಕ್ಕೆ ಸರಿಯಾಗಿ ಗಾಡಿ ಪಕ್ಕದ ಸ್ಟೂಲ್ ಮೇಲೆ ಬಾಯ್ಲರ್ ಭಾವ ಕೂತಿದ್ದ.

ಬಾಯ್ಲರ್ ಭಾವ ಅಂದ್ರೆ ಇಸ್ತ್ರಿಯಣ್ಣನ ಹೆಂಡತಿಯ ಅಣ್ಣ. ದೊಡ್ಡ ಲಾಂಡ್ರಿಯೊಂದರಲ್ಲಿ ಮೇಸ್ತ್ರಿ. ಅಲ್ಲಿರೋ ಬಾಯ್ಲರ್ ವಿಷಯ ಬಿಟ್ಟು ಅವನು ಬೇರೆ ಮಾತಾಡಿದ್ದನ್ನ ಕೇಳಿದೋರು ಯಾರೂ ಬದುಕಿಲ್ಲ. ಸಾವಿನ ಮನೆಗೆ ಹೋದ್ರೂ "ಪಾಪ, ಒಳ್ಳೆ ಮನುಷ್ಯ. ನಮ್ಮ ಬಾಯ್ಲರ್ ನೋಡೋಕೆ ಒಂದು ಸಲ ಬಂದಿದ್ರು" ಅಂತಲೇ ಶುರು ಮಾಡೋನು.

ಸರ್ವೆ ಹುಡುಗಿ ಬಂದ ತಕ್ಷಣ ಭಾವನೇ ಬಾಯಿ ಹಾಕಿದ. "ನಮ್ಮ ಲಾಂಡ್ರಿದು ಬೆಳಿಗ್ಗೆನೇ ಬರೆಸಿದೀನಮ್ಮ. ದಿನಕ್ಕೆ ಹತ್ತು ಮೂಟೆ! ಬಾಯ್ಲರ್ ಅಂದ್ರೆ ಏನಂದ್ಕೊಂಡೆ? ಆನೆ ಸಾಕಿದ ಹಾಗೆ. ಇಲ್ಲೇನು ಕೇಳ್ತೀಯ, ನಮ್ಮ ಭಾವ ಒಂದು ಹಿಡಿ ಇದ್ದಿಲಲ್ಲಿ ಒಂದು ವಾರ ತಳ್ತಾನೆ."

ಅಂದು ಹಲ್ಲು ಬಿಟ್ಟ. ಆ ಹಲ್ಲು ಇಸ್ತ್ರಿಯಣ್ಣನ ಎದೆಗೆ ನಾಟಿತು.

"ಅಣ್ಣಾ, ದಿನಕ್ಕೆ ಎಷ್ಟು ಇದ್ದಿಲು ಸುಡ್ತೀರ?" ಅಂತ ಹುಡುಗಿ ಕೇಳಿದ್ಲು.

"ಇಪ್ಪತ್ತು ಮೂಟೆ."

"ವರ್ಷಕ್ಕಾ?"

"ದಿನಕ್ಕೆ ಕಣಮ್ಮಾ!"

ಹುಡುಗಿ ಗಾಡಿ ನೋಡಿದ್ಲು, ಪೆಟ್ಟಿಗೆ ನೋಡಿದ್ಲು, ಗಾಡಿ ಕೆಳಗೆ ಬಗ್ಗಿ ನೋಡಿದ್ಲು. ಅಲ್ಲೊಂದು ನಾಯಿ ಮಲಗಿತ್ತು.

"ಇದೊಂದರಲ್ಲೇನಾ?"

"ಇದು ಸುಮ್ನೆ ಹೊತ್ತು ಕಳೆಯೋಕೆ ಇಟ್ಕೊಂಡಿರೋದು. ಪೆಟ್ಟಿಗೆ ನಲವತ್ತಿದೆ. ಅಲ್ಲಲ್ಲಿ ಓಡ್ತಾ ಇದಾವೆ."

"ಅಲ್ಲಲ್ಲಿ ಅಂದ್ರೆ ಎಲ್ಲಿ ಅಣ್ಣಾ?"

"ಅಲ್ಲಲ್ಲಿ ಅಂದ್ರೆ ಅಲ್ಲಲ್ಲೇ."

ಹುಡುಗಿ ಪಾಪ, ಪೆನ್ನಿನ ತುದಿ ಕಚ್ಚಿದ್ಲು. "ಹೇಳಿದ್ದು ಬರೀಬೇಕು, ನಮ್ಮ ತಲೆ ಓಡಿಸೋ ಹಾಗಿಲ್ಲ ಅಂತ ಸಾಹೇಬ್ರು ಹೇಳಿದಾರೆ" ಅಂತ ಅಂದ್ಕೊಂಡೇ ಬರ್ಕೊಂಡ್ಲು. ಸಾಕ್ಷಿಗೆ ಕಾಗದ ಭಾವನ ಕಡೆ ತಿರುಗಿಸಿದ್ಲು. ಭಾವನ ಬಾಯಿ ಬಾವಿ ಥರ ತೆರೆದಿತ್ತು. ನಲವತ್ತು ಪೆಟ್ಟಿಗೆ! ತಂಗಿ ಮನೆ ಸ್ಥಿತಿ ಇಷ್ಟು ಏರಿದೆ, ತನಗೆ ಒಂದು ಮಾತಿಲ್ಲ! ಆದ್ರೂ ನೆಂಟಸ್ತಿಕೆ ದೊಡ್ಡದಾದ್ರೆ ತನಗೂ ದೊಡ್ಡಸ್ತಿಕೆ ತಾನೇ? ಎಂದೂ ಹಾಕದಷ್ಟು ಉದ್ದದ ರುಜು ಹಾಕಿದ. ಎದ್ದು ಹೋಗುವಾಗ, ತಂಗಿ ಮದುವೆಯಾದಾಗಿನಿಂದ ಮೊದಲನೇ ಸಲ, "ಬರ್ತೀನಿ ಭಾವ, ಅಪ್ಪಣೆ ಕೊಡಿ" ಅಂದ. ಇಸ್ತ್ರಿಯಣ್ಣ ಆ ದಿನ ಇಡೀ ಪೆಟ್ಟಿಗೆ ಉಜ್ಜಲಿಲ್ಲ, ಗಾಳೀಲಿ ತೇಲಿಸಿದ.

ಒಂದು ತಿಂಗಳು ಕಳೀತು. ಪುರಸಭೆ ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿದ್ರು. ಊರಲ್ಲಿ ಅತಿ ಹೆಚ್ಚು ಹೊಗೆ ಬಿಡೋರ ಪಟ್ಟಿ. ಓದಿದ್ದು ಹಾಲಿನಂಗಡಿಯಮ್ಮ. ಆಕೆ ಒಂದು ವಿಷಯ ಓದಿದ್ಲು ಅಂದ್ರೆ ಪೇಪರಿಗೆ ಹಾಕೋ ಖರ್ಚು ಉಳೀತು ಅಂತಲೇ ಅರ್ಥ. ಓಣಿಗೆ ಬರೋ ಹೊತ್ತಿಗೆ ಅರ್ಧ ಊರು ಆಕೆ ಹಿಂದಿತ್ತು.

"ಕೇಳ್ರಪ್ಪೋ! ಮೂರನೇದು ದೊಡ್ಡ ಲಾಂಡ್ರಿ. ಎರಡನೇದು ಇಟ್ಟಿಗೆ ಗೂಡು. ಮೊದಲನೇದು ಯಾರು ಗೊತ್ತಾ? ನಮ್ಮ ಇಸ್ತ್ರಿಯಣ್ಣ!"

ಅಲ್ಲೀವರೆಗೂ ಯಾರಿಗೂ ಕಾಣದಿದ್ದ ಹೊಗೆ ಆ ಕ್ಷಣದಿಂದ ಎಲ್ಲರಿಗೂ ಕಾಣೋಕೆ ಶುರುವಾಯ್ತು. ಐವತ್ತು ವರ್ಷದಿಂದ ಬೀಡಿ ಸೇದ್ಕೊಂಡೇ ಕೆಮ್ಮುತ್ತಿದ್ದ ಮೂಲೆಮನೆ ತಾತ, "ಓಹೋ, ಇವನೋ ಕಾರಣ!" ಅಂತ ಒಂದು ಕೆಮ್ಮು ಜಾಸ್ತಿ ಕೆಮ್ಮಿದ. ಹಾಲಿನಂಗಡಿಯಮ್ಮ, "ಅದಕ್ಕೇ ನಮ್ಮ ಹಾಲು ಮಧ್ಯಾಹ್ನಕ್ಕೆ ಒಡೀತಿತ್ತು" ಅಂದ್ಲು. ಆ ಹಾಲು ಒಡೆಯೋದು ಅದಕ್ಕೆ ಬೀಳೋ ನೀರಿನ ಭಾರಕ್ಕೆ ಅಂತ ಊರಿಗೇ ಗೊತ್ತು. ಒಬ್ಬಳಿಗೆ ಒಣಗೋ ಬಟ್ಟೆ ಮೇಲೆ ಮಸಿ ಕಂಡಿತು. ಇನ್ನೊಬ್ಬಳು ಗಂಡನ ತಲೆಕೂದಲು ಉದುರಿದ್ದಕ್ಕೂ ಅದೇ ಕಾರಣ ಅಂತ, ಸಾಕ್ಷಿಗೆ ಗಂಡನನ್ನೇ ಕರ್ಕೊಂಡು ಬಂದು ಎಲ್ಲರಿಗೂ ತಲೆ ತೋರಿಸಿದ್ಲು.

ಇಸ್ತ್ರಿಯಣ್ಣನಿಗೆ ಒಂದು ಕಣ್ಣಲ್ಲಿ ಭಯ, ಇನ್ನೊಂದು ಕಣ್ಣಲ್ಲಿ ಹೆಮ್ಮೆ. ಯಾಕಂದ್ರೆ ಇಟ್ಟಿಗೆ ಗೂಡಿನ ಯಜಮಾನ ಕಾರು ನಿಲ್ಲಿಸಿ, ಗಾಜು ಇಳಿಸಿ, "ನಮಸ್ಕಾರ" ಅಂದು ಹೋಗಿದ್ದ. ಆದ್ರೆ ನಮಸ್ಕಾರ ಉಜ್ಜೋಕೆ ಬರಲ್ಲವಲ್ಲ! ಬಟ್ಟೆ ಕೊಡೋರು ಒಬ್ಬೊಬ್ಬರೇ ಕಮ್ಮಿ ಆದ್ರು.

ಆಮೇಲೆ ಬಂತು ಜೀಪು. ಇಳಿದೋರು ಹೊಗೆ ಸಾಹೇಬ್ರು. ಹೊಗೆ ಇಲಾಖೆಯೋರಾದ್ದರಿಂದ ಊರೋರು ಇಟ್ಟ ಹೆಸರು ಅದು. ಕೈಯಲ್ಲೊಂದು ಮುಳ್ಳಿರೋ ಡಬ್ಬಿ, ಹೊಗೆ ಅಳೆಯೋದು. ಇಳಿದೋರೇ ಆಕಾಶ ನೋಡಿದ್ರು.

"ಚಿಮಣಿ ಎಲ್ಲಿ?"

"ಯಾವ ಚಿಮಣಿ ಸ್ವಾಮಿ?"

"ನಿಮ್ಮ ಕಾರ್ಖಾನೇದು ಕಣಯ್ಯಾ! ಇಪ್ಪತ್ತು ಮೂಟೆದು!"

ಇಸ್ತ್ರಿಯಣ್ಣ ಪೆಟ್ಟಿಗೆ ತೋರಿಸಿದ. ಸಾಹೇಬ್ರು ಡಬ್ಬೀನ ಪೆಟ್ಟಿಗೆ ಮೇಲೆ ಹಿಡಿದ್ರು. ಮುಳ್ಳು ಅಲ್ಲಾಡಲಿಲ್ಲ. ಪಕ್ಕಕ್ಕೆ ಹಿಡಿದ್ರು. ಅಲ್ಲಾಡಲಿಲ್ಲ. ಡಬ್ಬೀನೇ ತಟ್ಟಿದ್ರು. ಆಗ ಡ್ರೈವರು ಜೀಪು ಸ್ವಲ್ಪ ಹಿಂದೆ ತಗೊಂಡ ನೋಡಿ, ಮುಳ್ಳು ಸುಂಯ್ ಅಂತ ತಿರುಗಿ ಆ ಕಡೆ ತುದೀಲಿ ಸಿಕ್ಕಿಹಾಕ್ಕೊಂಡಿತು. ಮೂಲೆಮನೆ ತಾತ ನಿಜವಾಗ್ಲೂ ಕೆಮ್ಮಿದ.

"ಈ ಯಂತ್ರಕ್ಕೆ ಏನೋ ಆಗಿದೆ" ಅಂದ್ರು ಸಾಹೇಬ್ರು. ಜೇಬಿಂದ ಒಂದು ನೋಟೀಸು ತೆಗೆದು ಗಾಡಿ ಕಂಬಕ್ಕೆ ಅಂಟಿಸಿದ್ರು. "ಹದಿನೈದು ದಿನದೊಳಗೆ ಇಲ್ಲಿಂದ ಗಾಡಿ ತೆಗೀಬೇಕು. ಇಲ್ಲಾಂದ್ರೆ ನಾವೇ ತಗೊಂಡು ಹೋಗ್ತೀವಿ."

ಆಗ ಇಳೀತು ನೋಡಿ ಇಸ್ತ್ರಿಯಣ್ಣನ ಜಂಬ. ಗಾಡಿ ಹೋದ್ರೆ ಅವನ ಹತ್ತಿರ ಉಳಿಯೋದು ಆ ಉದ್ದನೇ ಬಲಗೈ ಒಂದೇ. "ಸುಳ್ಳು ಸ್ವಾಮಿ! ನಾನು ಹೇಳಿದ್ದು ಸುಳ್ಳು! ದಿನಕ್ಕೆ ಒಂದೇ ಡಬ್ಬ! ಇಗೋ, ಈ ಡಬ್ಬ!"

"ಹಾಗೆಲ್ಲ ಸುಳ್ಳು ಅಂದುಬಿಟ್ರೆ ಆಗೋಯ್ತಾ? ಲೆಕ್ಕ ರಾಜಧಾನಿಗೆ ಹೋಗಿದೆ, ಅಚ್ಚಾಗಿದೆ. ನಿಮ್ಮಿಂದ ಇಡೀ ರಾಜ್ಯದ ಹೊಗೆ ಒಂದು ಗೆರೆ ಮೇಲೇರಿದೆ ಕಣಯ್ಯಾ. ತಿದ್ದೋಕೆ ಬೇರೆ ಅರ್ಜಿ ಇದೆ. ಆದ್ರೆ ಆವತ್ತು ಸಾಕ್ಷಿ ಹಾಕಿದೋರೇ ಬಂದು 'ಇದು ಸುಳ್ಳು' ಅಂತ ರುಜು ಹಾಕ್ಬೇಕು."

ಸಾಕ್ಷಿ ಹಾಕಿದೋರು ಯಾರು? ಬಾಯ್ಲರ್ ಭಾವ. ಅವನ ಮುಂದೆ ಹೋಗಿ "ನನಗಿರೋದು ಒಂದೇ ಪೆಟ್ಟಿಗೆ" ಅನ್ನೋದಕ್ಕಿಂತ ಆ ಕಾದ ಪೆಟ್ಟಿಗೆ ಮೇಲೆ ಕೂರೋದೇ ವಾಸಿ ಅನ್ನಿಸಿತು ಇಸ್ತ್ರಿಯಣ್ಣನಿಗೆ.

ಮನೆಗೆ ಬಂದು ಹೆಂಡತಿಗೆ ಪೂರ್ತಿ ಹೇಳಿದ. ಆಕೆ ಗಂಡನ ಜೊತೆ ಮಾತಾಡಲಿಲ್ಲ, ಗೋಡೆ ಜೊತೆ ಮಾತಾಡಿದ್ಲು. "ನೋಡಿದೆಯಾ ಗೋಡೆ, ನಲವತ್ತು ಪೆಟ್ಟಿಗೆ ಯಜಮಾನ್ರ ಹೆಂಡತಿ ನಾನು. ಸೊಪ್ಪಿನೋಳ ಹತ್ತಿರ ಒಂದು ಕಟ್ಟಿಗೆ ಅರ್ಧ ಗಂಟೆ ಜಗಳ ಆಡಿ ಬಂದಿದೀನಿ." ನಾಲ್ಕು ದಿನ ಗೋಡೇನೇ ಕೇಳಿಸ್ಕೊಂಡಿತು. ಐದನೇ ದಿನ ಸೆರಗು ಬಿಗಿದು, "ಏಳ್ರೀ, ಅಣ್ಣನ ಮನೆಗೆ ಹೋಗೋಣ. ಗಾಡಿ ದೊಡ್ಡದೋ ನಿಮ್ಮ ಜಂಬ ದೊಡ್ಡದೋ ನೋಡೇಬಿಡೋಣ" ಅಂದ್ಲು.

ಭಾವನ ಮನೇಲಿ ಉಪಚಾರ ಅಂದ್ರೆ ಉಪಚಾರ! ಮೊದಲು ಚಾಪೆ ಹಾಕ್ತಿದ್ದೋರು ಕುರ್ಚಿ ಹಾಕಿದ್ರು, ಕುರ್ಚಿ ಮೇಲೆ ದಿಂಬು ಹಾಕಿದ್ರು. ಇಸ್ತ್ರಿಯಣ್ಣ ದಿಂಬಿನ ತುದೀಲಿ ಕೂತ, ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ.

"ಭಾವ, ಒಂದು ವಿಷಯ..."

"ನನ್ನ ಸಾಲದ ಕಂತು ಕಟ್ಟೋಕೆ ಹಣ ಗಿಣ ಬೇಕಾದ್ರೆ ನಿಮ್ಮನ್ನೇ ಕೇಳೋಣ ಅಂತಿದ್ದೆ ಭಾವ, ನೀವೇ ಬಂದ್ರಿ!"

"ಅಣ್ಣಾ, ಇವರಿಗಿರೋದು ಒಂದೇ ಪೆಟ್ಟಿಗೆ. ಆವತ್ತು ನಿನ್ನ ಮುಂದೆ ಬಾಯಿಗೆ ಬಂದದ್ದು ಹೇಳಿದ್ರು. ಬಂದು ಸುಳ್ಳು ಅಂತ ಒಂದು ರುಜು ಹಾಕಿಬಿಡು, ಇಲ್ಲಾಂದ್ರೆ ಗಾಡಿ ಹೋಗುತ್ತೆ" ಅಂತ ಹೆಂಡತಿ ಒಂದೇ ಉಸಿರಲ್ಲಿ ಮುಗಿಸಿದ್ಲು.

ಭಾವ ನಗ್ತಾನೆ ಅಂತ ಇಸ್ತ್ರಿಯಣ್ಣ ಕಣ್ಣು ಮುಚ್ಚಿದ್ದ. ನಗು ಕೇಳಿಸಲಿಲ್ಲ. ಒಂದು ಕಣ್ಣು ತೆರೆದು ನೋಡಿದ್ರೆ ಭಾವನ ಮುಖ ಹಿಂಡಿದ ಬಟ್ಟೆ ಥರ ಆಗಿತ್ತು.

"ಅದು ಮಾತ್ರ ಆಗಲ್ಲ" ಅಂದ ಭಾವ.

"ಯಾಕಣ್ಣಾ?"

"ಒಂದು ಸುಳ್ಳು ಬಿಚ್ಚಿದ್ರೆ ಪಕ್ಕದ್ದೂ ಬಿಚ್ಚಿ ನೋಡ್ತಾರೆ ಕಣೆ. ನಾನು ಹತ್ತು ಮೂಟೆ ಬರೆಸಿದೀನಲ್ಲ..."

"ಹೂಂ, ಬಾಯ್ಲರ್‌ದು."

"ಬಾಯ್ಲರ್ ಬಿರುಕು ಬಿಟ್ಟು ಎರಡು ವರ್ಷ ಆಯ್ತು ಕಣೆ. ಒಳಗೆ ಬೆಕ್ಕು ಮರಿ ಹಾಕಿದೆ. ಬಟ್ಟೆಯೆಲ್ಲ ಹಿತ್ತಲಲ್ಲಿ ಕಲ್ಲಿಗೆ ಬಡಿದೇ ಒಗೀತೀವಿ."

ಮೊದಲು ನಕ್ಕಿದ್ದು ಹೆಂಡತಿ. ನಗು ಅಂದ್ರೆ ಎಂಥಾ ನಗು, ಭಾವನ ಮನೆ ಪಾತ್ರೆ ಕಪಾಟೆಲ್ಲ ಅವಳ ಜೊತೆ ನಡುಗಿತು. "ಇಬ್ಬರೂ ಸೇರಿ ಊರಿಗೇ ಹೊಗೆ ಹಾಕಿದಿರಲ್ಲ, ಒಂದು ಕಡ್ಡಿ ಗೀಚದೇನೇ!"

ನಗ್ತಾ ನಗ್ತಾನೇ ಅವಳಿಗೇನೋ ಹೊಳೀತು. ಸೆರಗಲ್ಲಿ ಕಣ್ಣು ಒರೆಸ್ಕೊಂಡು, ಮಾರನೇ ದಿನ ಬೆಳಿಗ್ಗೆ ಗಂಡನನ್ನ ಎಳ್ಕೊಂಡು ಹೊಗೆ ಸಾಹೇಬ್ರ ಆಫೀಸಿಗೆ ಹೋದ್ಲು. ಸಾಹೇಬ್ರ ಮೇಜಿನ ಮೇಲೆ ಫೈಲು ಎಷ್ಟಿತ್ತು ಅಂದ್ರೆ ಫೈಲಿನ ಮೇಲಿಂದ ಬರೀ ಹುಬ್ಬು ಕಾಣ್ತಿತ್ತು.

"ಸಾಹೇಬ್ರೆ, ಕಾನೂನಲ್ಲಿ ಗಾಡಿ ಮುಚ್ಚಿ ಅಂತ ಇದ್ಯಾ, ಹೊಗೆ ಕಮ್ಮಿ ಮಾಡಿ ಅಂತ ಇದ್ಯಾ?"

"ಕಮ್ಮಿ ಮಾಡಿ ಅಂತ. ಮಾಡದೇ ಇದ್ರೆ ಮುಚ್ಚಿ ಅಂತ."

"ಹಾಗಾದ್ರೆ ಕಮ್ಮಿ ಮಾಡ್ತೀವಿ, ಬರ್ಕೊಳ್ಳಿ. ಇಪ್ಪತ್ತು ಮೂಟೆಯಿಂದ ಒಂದು ಡಬ್ಬಕ್ಕೆ. ಇವತ್ತಿಂದಾನೇ."

ಹುಬ್ಬು ಮೇಲೇರಿತು. ಹುಬ್ಬಿನ ಹಿಂದೆ ಸಾಹೇಬ್ರೂ ಎದ್ದು ನಿಂತ್ರು. "ಮೊನ್ನೆ ನಿಮ್ಮ ಯಜಮಾನ್ರು ಇಪ್ಪತ್ತು ಮೂಟೆ ಸುಳ್ಳು ಅಂದ್ರಲ್ಲಮ್ಮ?"

"ನೀವು ಒಪ್ಪಲಿಲ್ಲವಲ್ಲ ಸಾಹೇಬ್ರೆ? ನೀವು ಓದಿದೋರು, ನಿಮಗಿಂತ ನಮಗೆ ಗೊತ್ತಾ?"

ಸಾಹೇಬ್ರು ಕಾಗದ ತಗೊಂಡ್ರು, ಕಳೆದ್ರು, ಕೂಡಿದ್ರು. ಊರಿನ ಗುರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಗಾಡೀಲೇ ಮುಗೀತಿತ್ತು. ಹತ್ತು ತಿಂಗಳು ಮುಂಚೆ! ಅವರ ಮುಖ ಬೆಳಗಿದ್ದು ನೋಡಿದ್ರೆ ಸೋಲಾರ್ ಹಲಗೆ ಬೇಕಿರಲಿಲ್ಲ, ಆ ಮುಖಕ್ಕೆ ತಂತಿ ಸಿಗಿಸಿ ಎರಡು ಓಣಿಗೆ ದೀಪ ಹಾಕಬಹುದಿತ್ತು.

ಇದಕ್ಕೂ ಸಾಕ್ಷಿ ಬೇಕಿತ್ತು. ಭಾವ ಈ ಸಲ ಓಡಿ ಬಂದ. "ಇಪ್ಪತ್ತು ಮೂಟೆ ಸುಡ್ತಿದ್ದ, ನಾನೇ ಬುದ್ಧಿ ಹೇಳಿ ಬಿಡಿಸಿದೆ" ಅಂತ ರುಜು ಹಾಕಿದ. ಹಾಕಿ, "ನಮ್ಮ ಬಾಯ್ಲರ್ರೂ ಇವತ್ತಿಂದ ಬಂದ್, ಭೂಮಿತಾಯಿ ಮುಂದೆ ಹತ್ತು ಮೂಟೆ ಯಾವ ಲೆಕ್ಕ!" ಅಂದು ಅದನ್ನೂ ಬರೆಸಿದ. ಸುದ್ದಿ ಕೇಳಿ ಇಟ್ಟಿಗೆ ಗೂಡಿನ ಯಜಮಾನ ಬಂದ. ಅವನೂ ನಾಲ್ಕು ಗೂಡು ಬರೆಸಿದ್ದನಂತೆ, ಇದ್ದದ್ದು ಒಂದಂತೆ. ಉಳಿದ ಮೂರನ್ನ ದೊಡ್ಡ ಮನಸ್ಸು ಮಾಡಿ ಆರಿಸಿದ. ಮೂರು ದಿನದಲ್ಲಿ ಊರೋರೆಲ್ಲ ಸಾಲು ನಿಂತು, ಎಂದೂ ಹಚ್ಚದ ಒಲೆ ಎಲ್ಲ ಆರಿಸಿದ್ರು. ರಾಜ್ಯದಲ್ಲೇ ಊರಿಗೆ ಮೊದಲನೇ ಸ್ಥಾನ!

ಆದ್ರೆ ನೋಟೀಸು ಮಾತ್ರ ಕಂಬದ ಮೇಲೇ ಇತ್ತು. "ಅಂಟಿಸೋ ಅಧಿಕಾರ ನನಗಿದೆ, ಕೀಳೋ ಅಧಿಕಾರ ದೊಡ್ಡ ಮೇಡಂಗೆ ಮಾತ್ರ" ಅಂದ್ರು ಸಾಹೇಬ್ರು. "ಸಮಾರಂಭಕ್ಕೆ ರಾಜಧಾನಿಯಿಂದ ಅವರೇ ಬರ್ತಾರೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳು. ಮೇಡಂಗೆ ಎಲ್ಲಾದ್ರೂ ಅನುಮಾನ ಬಂತೋ, ನಿನ್ನ ಗಾಡೀನೂ ಹೋಯ್ತು, ನನ್ನ ಕುರ್ಚೀನೂ ಹೋಯ್ತು."

ಹದಿನೈದನೇ ದಿನವೇ ಸಮಾರಂಭ. ಪುರಸಭೆ ಸಭಾಂಗಣದಲ್ಲಿ ಕಾಲಿಡೋಕೆ ಜಾಗ ಇಲ್ಲ. ವೇದಿಕೆ ಪಕ್ಕದಲ್ಲೇ ಗಾಡೀನೂ ತಂದು ನಿಲ್ಲಿಸಿದ್ರು. ತಗಡಿನ ಮೇಲೆ ಸರ್ಕಾರ ಕೊಡೋ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ, ಕಂಬಳಿ ಮೇಲೆ ಹೊಸಾ ಕರೆಂಟಿನ ಇಸ್ತ್ರಿ ಪೆಟ್ಟಿಗೆ. ನೋಟೀಸು ಕಾಣದ ಹಾಗೆ ಯಾರೋ ಒಂದು ಬಲೂನು ಕಟ್ಟಿದ್ರು. ಮೊದಲನೇ ಸಾಲಲ್ಲಿ ಭಾವ. ಅವನ ಪಕ್ಕ ಉಗುರು ಕಚ್ತಾ ಸರ್ವೆ ಹುಡುಗಿ. ಹೊಗೆ ಸಾಹೇಬ್ರು ಹನ್ನೊಂದನೇ ಸಲ ಬೆವರು ಒರೆಸ್ಕೊಂಡ್ರು.

ದೊಡ್ಡ ಮೇಡಂ ಅಂದ್ರೆ ಭಾರೀ ಆಕೃತಿ ಅಂತ ಎಲ್ಲರೂ ಅಂದ್ಕೊಂಡಿದ್ರು. ಬಂದದ್ದು ಗುಬ್ಬಿಮರಿಯಂಥ ಹೆಂಗಸು. ಕಣ್ಣು ಮಾತ್ರ ಜರಡಿ ಥರ, ಯಾವುದನ್ನೂ ಸುಮ್ಮನೆ ಬಿಡಲ್ಲ. ಮೈಕು ಹಿಡಿದು ಕೇಳಿದ್ರು: "ಹೇಳ್ರಪ್ಪಾ. ದಿನಕ್ಕೆ ಇಪ್ಪತ್ತು ಮೂಟೆ ಸುಡ್ತಿದ್ದೋರು ಒಂದೇ ದಿನದಲ್ಲಿ ಹೇಗೆ ನಿಲ್ಲಿಸಿದ್ರಿ? ಬೇರೆ ಊರೋರಿಗೂ ಹೇಳ್ಬೇಕು ನಾನು."

ಇಸ್ತ್ರಿಯಣ್ಣ ಭಾವನ್ನ ನೋಡಿದ. ಭಾವ 'ಬುರುಡೆ ಬಿಡು, ಇನ್ನೂ ನಾಲ್ಕು ಸೇರಿಸಿ ಬಿಡು' ಅನ್ನೋ ಹಾಗೆ ತಲೆ ಆಡಿಸ್ತಿದ್ದ. ಸಾಹೇಬ್ರನ್ನ ನೋಡಿದ. ಸಾಹೇಬ್ರು ಕಣ್ಣು ಮುಚ್ಚಿದ್ರು. ಕೊನೆಗೆ ಹೆಂಡತೀನ ನೋಡಿದ. ಆಕೆ ಗೋಡೆ ಕಡೆ ತಿರುಗ್ತಾ ಇದ್ಲು. ಆ ಗೋಡೆ ಕಂಡದ್ದೇ ತಡ, ಇಸ್ತ್ರಿಯಣ್ಣನ ಬಾಯಿಂದ ನಿಜ ಬಿದ್ದುಬಿಡ್ತು.

"ಬಾಯಿ ಮುಚ್ಕೊಂಡೆ ತಾಯಿ. ಅಷ್ಟಕ್ಕೇ ಇಪ್ಪತ್ತು ಮೂಟೆ ಇಳೀತು."

ಯಾರೋ ಹಿಂದಿನಿಂದ, "ಆಹಾ, ಎಂಥಾ ವಿನಯ! ಮಾಡಿದ್ದನ್ನ ಹೇಳ್ಕೊಳ್ಳಲ್ಲ!" ಅಂದ್ರು. ಚಪ್ಪಾಳೆ ಬಿತ್ತು ನೋಡಿ, ಕಟ್ಟಿದ್ದ ಬಲೂನು ಬೆದರಿ ಒಡೆದುಹೋಯ್ತು. ಅದರ ಹಿಂದಿಂದ ನೋಟೀಸು ಇಣುಕಿತು.

ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗಾಡಿ ಹತ್ತಿರ ಬಂದ್ರು. ಕಂಬಳೀಲಿ ಕಾದು ಕಾದು ಅಚ್ಚೊತ್ತಿದ್ದ ಒಂದೇ ಒಂದು ಪೆಟ್ಟಿಗೆ ಗುರುತು ನೋಡಿದ್ರು. ಇಸ್ತ್ರಿಯಣ್ಣನ ಉದ್ದನೇ ಕೈ ನೋಡಿದ್ರು. ಹೊಗೆ ಸಾಹೇಬ್ರ ಕಡೆ ತಿರುಗಿ ಎಷ್ಟು ಹೊತ್ತು ನೋಡಿದ್ರು ಅಂದ್ರೆ ಸಾಹೇಬ್ರು ಅಲ್ಲೇ ಅರ್ಧ ಸೇರು ಇಳಿದುಹೋದ್ರು. ಆಮೇಲೆ ಮೈಕನ್ನ ಸೊಂಟದ ಹಿಂದೆ ಹಿಡ್ಕೊಂಡು, ಮೆಲ್ಲಗೆ ಕೇಳಿದ್ರು.

"ನಿಜವಾಗಿ ಎಷ್ಟಪ್ಪಾ?"

"ಒಂದು ಡಬ್ಬ ತಾಯಿ. ಅದೂ ತುಂಬಾ ಅಲ್ಲ."

ಮೇಡಂ ತುಟಿ ಕಚ್ಚಿ ಹಿಡಿದ್ರು, ಆದ್ರೂ ನಗು ಮೂಗಿನಿಂದ ಬಂದುಬಿಡ್ತು. "ರಾಜಧಾನೀಲಿ ನಿನ್ನ ಹೊಗೆ ಮೇಲೆ ನಾನು ಒಂದು ಗಂಟೆ ಭಾಷಣ ಮಾಡಿ ಬಂದಿದೀನಿ ಕಣಯ್ಯಾ" ಅಂದ್ರು. "ಹೋಗ್ಲಿ. ಆ ಒಂದು ಡಬ್ಬಾನೂ ಇನ್ನು ಬೇಡ. ಬಿಸಿಲಲ್ಲಿ ಉಜ್ಜು." ಅಂದು ನೋಟೀಸನ್ನ ತಾವೇ ಕಿತ್ತು, ನಾಲ್ಕು ಮಡಿಕೆ ಮಾಡಿ ಸಾಹೇಬ್ರ ಜೇಬಿಗೆ ಹಾಕಿದ್ರು.

ಮಾರನೇ ದಿನ ಗಾಡಿ ಅದೇ ತಿರುವಿನಲ್ಲಿ ನಿಂತಿತ್ತು. ಮೂಲೆಮನೆ ತಾತ ಬಂದು, ಗಾಳಿ ಎಳ್ಕೊಂಡು, "ಈಗ ಎದೆ ಹಗುರ ಆಯ್ತು ನೋಡು" ಅಂದು ಬೀಡಿ ಹಚ್ಚಿದ. ಹಾಲಿನಂಗಡಿಯಮ್ಮ ಏಳು ಸೀರೆ ತಂದು ಹಾಕಿದ್ಲು. ಇಸ್ತ್ರಿಯಣ್ಣ ಎರಡು ತುಟೀನೂ ಸೇರಿಸಿಟ್ಕೊಂಡು ಉಜ್ಜಿದ.

ಆ ವರ್ಷ ಊರು ಎಷ್ಟು ಹೊಗೆ ಇಳಿಸಿತು ಅಂತ ಪುರಸಭೇಲಿ ಒಂದು ದೊಡ್ಡ ಬೋರ್ಡು ಹಾಕಿದಾರೆ, ಬೇಕಾದ್ರೆ ಹೋಗಿ ಓದಿ. ಅದರಲ್ಲಿ ನಿಜವಾಗ್ಲೂ ಇಳಿದದ್ದು ಒಂದು ಡಬ್ಬ, ಇಸ್ತ್ರಿಯಣ್ಣಂದು. ಅದೂ ತುಂಬಾ ಅಲ್ಲ.